ಎಂಟನೆಯ ಸ್ಥಾನದ ಹಿಂದಿನ ಲೆಕ್ಕ: ಇಯಾನ್ ಮಾತೋಸ್ ಮತ್ತು ಬ್ರೆಜಿಲ್‌ನ ಡೈವಿಂಗ್

ಇಯಾನ್ ಮಾತೋಸ್ 2021ರ ಡಿಸೆಂಬರ್ 21ರಂದು ರಿಯೊ ಡಿ ಜನೈರೊದಲ್ಲಿ ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡಾಗ ಅವರಿಗೆ 32 ವರ್ಷ. ಆಸ್ಪತ್ರೆಯಲ್ಲಿ ವಾರಗಟ್ಟಲೆ ನರಳಿದ ಮೇಲೆ ಬಂದ ಸಾವು ಅದು. ಮರುದಿನ ಜಗತ್ತಿನ ಪತ್ರಿಕೆಗಳು ಅವರನ್ನು ಎರಡು ಗುರುತುಗಳಿಂದ ನೆನೆದವು: 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬ್ರೆಜಿಲ್ ಪರವಾಗಿ ಸ್ಪರ್ಧಿಸಿದ ಡೈವರ್ ಎಂಬುದು ಒಂದು, ತಾನು ಸಲಿಂಗಿ ಎಂದು 2014ರಲ್ಲಿಯೇ ಬಹಿರಂಗವಾಗಿ ಹೇಳಿಕೊಂಡ ಕ್ರೀಡಾಪಟು ಎಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಈ ಎರಡು ಸಾಲುಗಳ ನಡುವೆ ಇರುವ ಹನ್ನೆರಡು ಹದಿನೈದು ವರ್ಷಗಳ ವೃತ್ತಿಜೀವನ ಹೇಗೆ ರೂಪುಗೊಂಡಿತು, ಒಲಿಂಪಿಕ್ಸ್‌ನಲ್ಲಿ ಅದು ಎಂಟನೆಯ ಸ್ಥಾನದಲ್ಲಿ, ಅಂದರೆ ಕೊನೆಯ ಸ್ಥಾನದಲ್ಲಿ, ಏಕೆ ನಿಂತಿತು ಎಂಬುದನ್ನು ಯಾರೂ ವಿವರಿಸುವ ಗೋಜಿಗೆ ಹೋಗಲಿಲ್ಲ. ಆ ಎಂಟನೆಯ ಸ್ಥಾನವನ್ನು ಒಬ್ಬ ಆಟಗಾರನ ಸೋಲೆಂದು ಓದುವುದು ಸುಲಭ. ಅದನ್ನು ಒಂದು ವ್ಯವಸ್ಥೆಯ ಲೆಕ್ಕಪತ್ರವೆಂದು ಓದಬೇಕೆಂಬುದು ನನ್ನ ಅಭಿಪ್ರಾಯ.

ಪೋರ್ಚುಗೀಸ್ ಭಾಷೆಯಲ್ಲಿ ಡೈವಿಂಗ್‌ಗೆ ಇರುವ ಹೆಸರು 'ಸಾಲ್ಟೋಸ್ ಓರ್ನಮೆಂಟಾಯಿಸ್', ಅಂದರೆ ಅಲಂಕಾರದ ಜಿಗಿತಗಳು. ಹೆಸರು ಚೆಂದವಾಗಿದೆ, ಆದರೆ ಸ್ವಲ್ಪ ದಾರಿ ತಪ್ಪಿಸುತ್ತದೆ. ನಮ್ಮ ಊರುಗಳಲ್ಲಿ ಬೇಸಿಗೆಯ ರಜೆಯಲ್ಲಿ ಬಾವಿಯ ಕಟ್ಟೆಯಿಂದ ಹಾರುವ ಹುಡುಗರಿಗೆ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೋ ಅಷ್ಟು ಗತ್ತು. ಸ್ಪರ್ಧೆಯ ಡೈವಿಂಗ್‌ನಲ್ಲಿ ನಿಯಮ ಅದಕ್ಕೆ ಪೂರ್ತಿ ತಿರುಗುಮುರುಗು. ಮೂರು ಮೀಟರ್ ಎತ್ತರದ ಸ್ಪ್ರಿಂಗ್‌ಬೋರ್ಡ್‌ನಿಂದ ಮೇಲಕ್ಕೆ ಚಿಮ್ಮಿ, ಸುಮಾರು ಒಂದೂವರೆ ಸೆಕೆಂಡಿನೊಳಗೆ ಎರಡೂವರೆಯಿಂದ ನಾಲ್ಕೂವರೆ ಲಾಗ ಮುಗಿಸಿ, ಕೈಗಳನ್ನು ಜೋಡಿಸಿ, ಮೈಯನ್ನು ನೆಟ್ಟಗೆ ಮಾಡಿ, ನೀರು ಕದಡದಂತೆ ಒಳಗೆ ಇಳಿಯಬೇಕು. ಇದರಲ್ಲಿ ಅಲಂಕಾರಕ್ಕಿಂತ ಹೆಚ್ಚಾಗಿ ಇರುವುದು ಗಣಿತ, ಮತ್ತು ಬಾಲ್ಯದಿಂದ ಮಾಡಿದ ಸಾವಿರಾರು ಪುನರಾವರ್ತನೆಗಳು. ಆ ಪುನರಾವರ್ತನೆ ಎಲ್ಲಿ, ಯಾರ ಖರ್ಚಿನಲ್ಲಿ, ಯಾರ ಕಣ್ಣೆದುರು ನಡೆಯುತ್ತದೆ ಎಂಬುದೇ ಈ ಆಟದ ಮುಖ್ಯ ಪ್ರಶ್ನೆ.

ಮಾತೋಸ್ ಹುಟ್ಟಿದ್ದು 1989ರ ಏಪ್ರಿಲ್ 24ರಂದು, ಉತ್ತರ ಬ್ರೆಜಿಲ್‌ನ ಪರಾ ರಾಜ್ಯದ ಮುವಾನಾ ಎಂಬ ಪಟ್ಟಣದಲ್ಲಿ. ಅಮೆಜಾನ್ ನದಿ ಸಮುದ್ರ ಸೇರುವ ಜಾಗದಲ್ಲಿರುವ ಮರಾಜೋ ದ್ವೀಪಕ್ಕೆ ಸೇರಿದ ಊರು ಅದು. ದ್ವೀಪವೆಂದರೆ ಸಣ್ಣದೇನಲ್ಲ, ಹೆಚ್ಚುಕಡಿಮೆ ಸ್ವಿಟ್ಜರ್ಲೆಂಡಿನಷ್ಟು ವಿಸ್ತಾರವಿದೆ. ಅಲ್ಲಿನ ಕೆಲವೆಡೆ ಪೊಲೀಸರು ಎಮ್ಮೆಗಳ ಮೇಲೆ ಕುಳಿತು ಗಸ್ತು ತಿರುಗುತ್ತಾರೆ ಎಂಬ ಕಾರಣಕ್ಕೆ ಪ್ರವಾಸಿಗರಿಗೆ ಪರಿಚಿತ. ಮರಾಜೋದಿಂದ ಪರಾ ರಾಜ್ಯದ ರಾಜಧಾನಿ ಬೆಲೆಮ್‌ಗೆ ನದಿಯ ದಾರಿಯಲ್ಲಿ ದೋಣಿಯಲ್ಲಿ ಹೋಗಬೇಕು. ಸುತ್ತ ನೀರಿಗೆ ಬರವಿಲ್ಲ. ಆದರೆ ಡೈವಿಂಗ್‌ಗೆ ಬೇಕಾದದ್ದು ನದಿಯಲ್ಲ: ಸುಮಾರು ನಾಲ್ಕೈದು ಮೀಟರ್ ಆಳದ ಕೊಳ, ಮಟ್ಟಸವಾಗಿ ಕೂರಿಸಿದ ಅಲ್ಯುಮಿನಿಯಂ ಹಲಗೆ, ಲಾಗ ಕಲಿಸಲು ಸೊಂಟಕ್ಕೆ ಬೆಲ್ಟು ಕಟ್ಟಿ ಮೇಲೆತ್ತುವ ಹಗ್ಗ, ಟ್ರ್ಯಾಂಪೊಲೀನು, ಸ್ಪಂಜು ತುಂಬಿದ ಗುಂಡಿ, ಮತ್ತು ಇವೆಲ್ಲವನ್ನೂ ಬಳಸಲು ಗೊತ್ತಿರುವ ತರಬೇತುದಾರ. ಅಂಥ ಸವಲತ್ತು ಬ್ರೆಜಿಲ್‌ನಲ್ಲಿ ಬೆರಳೆಣಿಕೆಯ ನಗರಗಳಲ್ಲಿ ಮಾತ್ರ ಇದೆ. ಹೀಗಾಗಿ ಮಾತೋಸ್ ಬೆಲೆಮ್‌ನಿಂದ ಸುಮಾರು 1,600 ಕಿಲೋಮೀಟರ್ ದೂರದ ಬ್ರೆಸಿಲಿಯಾಗೆ ವಲಸೆ ಹೋದರು.

ಬ್ರೆಸಿಲಿಯಾವನ್ನೇ ಏಕೆ ಆರಿಸಿಕೊಂಡರು ಎಂಬುದಕ್ಕೆ ಉತ್ತರ ಅಲ್ಲಿನ ಹಿರಿಯರಲ್ಲಿದೆ. ಸೀಸರ್ ಕ್ಯಾಸ್ಟ್ರೊ ಮತ್ತು ಹ್ಯೂಗೊ ಪರಿಸಿ ಇಬ್ಬರೂ ಆ ನಗರದವರು. ಕ್ಯಾಸ್ಟ್ರೊ 2004ರ ಅಥೆನ್ಸ್ ಒಲಿಂಪಿಕ್ಸ್‌ನ ಮೂರು ಮೀಟರ್ ಸ್ಪ್ರಿಂಗ್‌ಬೋರ್ಡ್ ಫೈನಲ್ ತಲುಪಿ ಒಂಬತ್ತನೆಯವರಾದರು. ಪರಿಸಿ ಹತ್ತು ಮೀಟರ್ ಪ್ಲಾಟ್‌ಫಾರ್ಮ್‌ನಲ್ಲಿ 2004ರಿಂದ 2016ರವರೆಗೆ ನಾಲ್ಕು ಒಲಿಂಪಿಕ್ಸ್ ಕಂಡರು. ಒಂದೇ ಊರಿನಲ್ಲಿ ಇಂಥ ಇಬ್ಬರಿದ್ದರೆ ಅಲ್ಲಿ ಕೊಳವೂ ಇದೆ, ಕಲಿಸುವವರೂ ಇದ್ದಾರೆ ಎಂದರ್ಥ. ಇನ್ನೊಂದು ಕೇಂದ್ರ ರಿಯೊ. ಅಲ್ಲಿ ಒಲಿಂಪಿಕ್ ಆಟಗಳು ಬಹುತೇಕ ಫುಟ್‌ಬಾಲ್ ಕ್ಲಬ್‌ಗಳ ಆಶ್ರಯದಲ್ಲಿ ಬದುಕುತ್ತವೆ, ಮತ್ತು ಫ್ಲುಮಿನೆನ್ಸ್ ಕ್ಲಬ್ ಹಲವು ತಲೆಮಾರಿನ ಡೈವರ್‌ಗಳನ್ನು ಸಾಕಿದೆ. 2000ದಿಂದ 2016ರವರೆಗೆ ಸತತ ಐದು ಒಲಿಂಪಿಕ್ಸ್‌ಗಳಲ್ಲಿ ಪಾಲ್ಗೊಂಡ ಜೂಲಿಯಾನಾ ವೆಲೊಸೊ ರಿಯೊದವರೇ. ಐದು ಒಲಿಂಪಿಕ್ಸ್ ಎಂದರೆ ಒಬ್ಬ ಕ್ರೀಡಾಪಟುವಿನ ಅಸಾಧಾರಣ ಸಹನೆಗೆ ಸಾಕ್ಷಿ. ಜೊತೆಗೆ, ಹದಿನಾರು ವರ್ಷಗಳ ಕಾಲ ಆಕೆಯನ್ನು ಹಿಂದಿಕ್ಕುವ ಕಿರಿಯರು ಸಾಲಾಗಿ ಬರಲಿಲ್ಲ ಎಂಬುದಕ್ಕೂ ಸಾಕ್ಷಿ. ಸಣ್ಣ ಆಟಗಳಲ್ಲಿ ದೀರ್ಘ ವೃತ್ತಿಜೀವನವನ್ನು ಮೆಚ್ಚುವಾಗ ಈ ಎರಡನೆಯ ಅರ್ಥವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಬ್ರೆಜಿಲ್‌ಗೆ ಈ ಆಟ ಹೊಸದೂ ಅಲ್ಲ. ಆ ದೇಶ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಹೋದದ್ದು 1920ರಲ್ಲಿ, ಆಂಟ್‌ವರ್ಪ್‌ಗೆ; ಆ ತಂಡದಲ್ಲೇ ಅಡಾಲ್ಫೊ ವೆಲಿಶ್ ಎಂಬ ಡೈವರ್ ಇದ್ದರು. 1952ರ ಹೆಲ್ಸಿಂಕಿಯಲ್ಲಿ ಮಿಲ್ಟನ್ ಬುಸಿನ್ ಸ್ಪ್ರಿಂಗ್‌ಬೋರ್ಡ್‌ನಲ್ಲಿ ಆರನೆಯವರಾದರು. ಅಲ್ಲಿಂದ ಇಂದಿನವರೆಗೆ ಬ್ರೆಜಿಲ್ ಡೈವಿಂಗ್‌ನಲ್ಲಿ ಒಂದೇ ಒಂದು ಒಲಿಂಪಿಕ್ ಪದಕವನ್ನೂ ಗೆದ್ದಿಲ್ಲ.

ಮಾತೋಸ್ ಅಂತರರಾಷ್ಟ್ರೀಯ ಮಟ್ಟದಲ್ಲಿ ಕಾಣಿಸಿಕೊಂಡದ್ದು 2010ರ ಮೆಡೆಲಿನ್ ದಕ್ಷಿಣ ಅಮೆರಿಕ ಕ್ರೀಡಾಕೂಟದಲ್ಲಿ ಗೆದ್ದ ಮೂರು ಕಂಚಿನ ಪದಕಗಳಿಂದ. ಆಗ ಅವರಿಗೆ 20 ವರ್ಷ. ಖಂಡದ ಮಟ್ಟದಲ್ಲಿ ಮೂರನೆಯವರಾಗುವುದಕ್ಕೂ ವಿಶ್ವದ ಮಟ್ಟದಲ್ಲಿ ಫೈನಲ್ ತಲುಪುವುದಕ್ಕೂ ಇರುವ ಅಂತರ ಅರ್ಥವಾಗಬೇಕಾದರೆ ಅಂಕಗಳ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಈ ಆಟದ ಅನ್ಯಾಯವೂ ನ್ಯಾಯವೂ ಅಡಗಿರುವುದು ಅಲ್ಲಿಯೇ.

ವೈಯಕ್ತಿಕ ಸ್ಪರ್ಧೆಯಲ್ಲಿ ಏಳು ಜನ ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನ ಎರಡು, ಅತಿ ಕಡಿಮೆಯ ಎರಡು ಅಂಕಗಳನ್ನು ಕೈಬಿಟ್ಟು, ಉಳಿದ ಮೂರನ್ನು ಕೂಡಿ, ಆ ಮೊತ್ತವನ್ನು ಜಿಗಿತದ ಕ್ಲಿಷ್ಟತೆಯ ಅಂಕದಿಂದ ಗುಣಿಸುತ್ತಾರೆ. ಇಬ್ಬರು ಒಟ್ಟಿಗೆ ಒಂದೇ ಜಿಗಿತ ಮಾಡುವ ಜೋಡಿ ಸ್ಪರ್ಧೆಯಲ್ಲಿ ತೀರ್ಪುಗಾರರು ಹನ್ನೊಂದು ಜನ. ಮೂವರು ಒಬ್ಬ ಡೈವರ್‌ನನ್ನು, ಮೂವರು ಇನ್ನೊಬ್ಬನನ್ನು, ಉಳಿದ ಐವರು ಇಬ್ಬರ ಹೊಂದಾಣಿಕೆಯನ್ನು ಮಾತ್ರ ನೋಡುತ್ತಾರೆ. ಕೊನೆಗೆ ಲೆಕ್ಕಕ್ಕೆ ಬರುವ ಐದು ಅಂಕಗಳಲ್ಲಿ ಮೂರು ಹೊಂದಾಣಿಕೆಯವು. ಅಂದರೆ ಒಬ್ಬೊಬ್ಬರ ಕೌಶಲಕ್ಕಿಂತ ಇಬ್ಬರೂ ಒಟ್ಟಿಗೆ ಕಳೆದ ವರ್ಷಗಳಿಗೆ ಹೆಚ್ಚಿನ ತೂಕ. ಪುರುಷರ ಜೋಡಿಗಳು ಆರು ಜಿಗಿತ ಮಾಡುತ್ತವೆ. ಮೊದಲ ಎರಡಕ್ಕೆ ಯಾವ ಜಿಗಿತ ಮಾಡಿದರೂ ಕ್ಲಿಷ್ಟತೆ 2.0 ಮಾತ್ರ. ನಿಜವಾದ ಸ್ಪರ್ಧೆ ಉಳಿದ ನಾಲ್ಕರಲ್ಲಿ.

ಈಗ ಒಂದು ಕಾಲ್ಪನಿಕ ಉದಾಹರಣೆ. ಎರಡು ಜೋಡಿಗಳು ಅಷ್ಟೇ ಶುದ್ಧವಾಗಿ ಜಿಗಿದು ಎಲ್ಲ ತೀರ್ಪುಗಾರರಿಂದ 7.5 ಪಡೆದವು ಎಂದುಕೊಳ್ಳೋಣ. ಲೆಕ್ಕಕ್ಕೆ ಬರುವ ಐದು ಅಂಕಗಳ ಮೊತ್ತ 37.5. ಜೋಡಿ ಸ್ಪರ್ಧೆಯ ನಿಯಮದಂತೆ ಅದನ್ನು 0.6ರಿಂದ ಗುಣಿಸಿದರೆ 22.5, ಕ್ಲಿಷ್ಟತೆಯಿಂದ ಗುಣಿಸುವುದು ಇದನ್ನು. ಮೊದಲ ಜೋಡಿಯ ಜಿಗಿತದ ಕ್ಲಿಷ್ಟತೆ 3.0 ಆಗಿದ್ದರೆ 67.5 ಅಂಕ, ಎರಡನೆಯದು 3.5 ಆಗಿದ್ದರೆ 78.75. ಒಂದು ಜಿಗಿತಕ್ಕೆ ಹನ್ನೊಂದು ಅಂಕಕ್ಕೂ ಮಿಕ್ಕ ವ್ಯತ್ಯಾಸ, ನಾಲ್ಕು ಜಿಗಿತಕ್ಕೆ 45. ರಿಯೊದಲ್ಲಿ ಮಾತೋಸ್ ಸ್ಪರ್ಧಿಸಿದ ಮೂರು ಮೀಟರ್ ಜೋಡಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಬ್ರಿಟನ್‌ನ ಜ್ಯಾಕ್ ಲಾಫರ್ ಮತ್ತು ಕ್ರಿಸ್ ಮಿಯರ್ಸ್ ಅವರಿಗೆ ಬಂದದ್ದು 454.32, ಕಂಚು ಪಡೆದ ಚೀನಾದ ಜೋಡಿಗೆ 443.70, ಚಿನ್ನಕ್ಕೂ ಕಂಚಿಗೂ ನಡುವೆ ಹನ್ನೊಂದು ಅಂಕವೂ ಇರಲಿಲ್ಲ. ಹಾಗಾಗಿ ಕಡಿಮೆ ಕ್ಲಿಷ್ಟತೆಯ ಪಟ್ಟಿ ಹಿಡಿದು ಬಂದ ಜೋಡಿ ಹಲಗೆ ಹತ್ತುವ ಮೊದಲೇ ಸೋತಿರುತ್ತದೆ. ಇನ್ನು ಕ್ಲಿಷ್ಟತೆಯನ್ನು ಏರಿಸುವುದೋ, ಅದು ಮನಸ್ಸು ಮಾಡಿದ ಮಾತ್ರಕ್ಕೆ ಆಗುವ ಕೆಲಸವಲ್ಲ. ಮುಂದಕ್ಕೆ ಮೂರೂವರೆ ಲಾಗದ ಜಿಗಿತ, ಅಂದರೆ ಮೈಯನ್ನು ಸೊಂಟದಲ್ಲಿ ಮಡಿಸಿ ಮಾಡುವುದು, ಮೂರು ಮೀಟರ್‌ನಿಂದ 3.1ರ ಬೆಲೆಯದು, ಮಂಡಿಯನ್ನು ಎದೆಗೆ ತಂದು ಮಾಡುವ ನಾಲ್ಕೂವರೆ ಲಾಗ 3.8ರದು. ಇವೆರಡರ ನಡುವೆ ಇರುವುದು ಬರೀ ಒಂದು ಸುತ್ತು. ಆದರೆ ಆ ಒಂದು ಸುತ್ತಿಗೆ ಹದಿಹರೆಯದಲ್ಲೇ ಒಣನೆಲದ ತಾಲೀಮು, ಹಲಗೆಯ ಕಂಪನವನ್ನು ಕಾಲಿಗೆ ಒಗ್ಗಿಸಿಕೊಳ್ಳುವ ವರ್ಷಗಳು, ಗಾಯವಾದರೆ ಸರಿಪಡಿಸುವ ವೈದ್ಯರು ಬೇಕು. ಚೀನಾದಲ್ಲಿ ಆರೇಳು ವರ್ಷದ ಮಕ್ಕಳಿಗೆ ಸಿಗುವ ಇಂಥ ತಾಲೀಮು ಅಮೆಜಾನ್ ಮುಖಜಭೂಮಿಯ ಹುಡುಗನಿಗೆ ಸಿಗುವುದು ಅವನು ಊರು ಬಿಟ್ಟ ಮೇಲೆ.

ಇಂಥ ಸ್ಥಿತಿಯಲ್ಲಿದ್ದ ಬ್ರೆಜಿಲ್‌ಗೆ 2016ರಲ್ಲಿ ಪ್ರವೇಶ ಸಿಕ್ಕಿದ್ದು ಆತಿಥೇಯರ ಹಕ್ಕಿನಿಂದ. ಜೋಡಿ ಸ್ಪರ್ಧೆಗಳಲ್ಲಿ ತಲಾ ಎಂಟು ಜೋಡಿಗಳಿಗಷ್ಟೇ ಅವಕಾಶ: ಮೂರು ಸ್ಥಾನ 2015ರ ವಿಶ್ವ ಚಾಂಪಿಯನ್‌ಶಿಪ್‌ನ ಪದಕ ವಿಜೇತರಿಗೆ, ನಾಲ್ಕು 2016ರ ಫೆಬ್ರವರಿಯಲ್ಲಿ ರಿಯೊದಲ್ಲೇ ನಡೆದ ವಿಶ್ವಕಪ್‌ನಿಂದ, ಒಂದು ಆತಿಥೇಯ ದೇಶಕ್ಕೆ. ಹೀಗೆ ಬ್ರೆಜಿಲ್ ನಾಲ್ಕೂ ಜೋಡಿ ಸ್ಪರ್ಧೆಗಳಲ್ಲಿ ಕಣಕ್ಕಿಳಿಯಿತು. ವೆಲೊಸೊ ಮತ್ತು ಟ್ಯಾಮಿ ತಕಾಗಿ, ಪರಿಸಿ ಮತ್ತು ಜ್ಯಾಕ್ಸನ್ ರಾಂಡಿನೆಲಿ, ಇಂಗ್ರಿಡ್ ಒಲಿವೇರಾ ಮತ್ತು ಜೊವಾನಾ ಪೆಡ್ರೊಸೊ, ಮಾತೋಸ್ ಮತ್ತು ಲೂಯಿಜ್ ಔಟೆರೆಲೊ. ನಾಲ್ಕೂ ಜೋಡಿಗಳು ಎಂಟನೆಯ ಸ್ಥಾನದಲ್ಲಿ ಮುಗಿಸಿದವು. ಒಬ್ಬರೋ ಇಬ್ಬರೋ ಕೊನೆಯವರಾದರೆ ಅದು ಆ ದಿನದ ದುರದೃಷ್ಟ ಎನ್ನಬಹುದು. ನಾಲ್ಕಕ್ಕೆ ನಾಲ್ಕೂ ಕೊನೆಯಲ್ಲಿದ್ದರೆ ಅದು ಆ ಎಂಟನೆಯ ಬಾಗಿಲು ಹೇಗೆ ತೆರೆಯಿತು ಎಂಬುದರ ನೇರ ಪರಿಣಾಮ. ಉಳಿದ ಏಳು ಜೋಡಿಗಳು ಸೋಸಿ ಬಂದವು, ಎಂಟನೆಯದು ಮನೆಯವರೆಂಬ ಕಾರಣಕ್ಕೆ ಬಂತು.

ಮಾತೋಸ್ ಮತ್ತು ಔಟೆರೆಲೊ ಜಿಗಿದದ್ದು ಆಗಸ್ಟ್ 10ರಂದು, ಮಳೆಗಾಳಿಯ ದಿನ. ಹಿಂದಿನ ದಿನವೇ ಮರಿಯಾ ಲೆಂಕ್ ಜಲಕ್ರೀಡಾ ಕೇಂದ್ರದ ಡೈವಿಂಗ್ ಕೊಳದ ನೀಲಿ ನೀರು ಇದ್ದಕ್ಕಿದ್ದಂತೆ ಹಸಿರಾಗಿ, ಜಗತ್ತಿನ ಟೀವಿಗಳೆಲ್ಲ ಜಿಗಿತಗಳನ್ನು ಬಿಟ್ಟು ನೀರನ್ನೇ ತೋರಿಸತೊಡಗಿದ್ದವು. ಆಗಸ್ಟ್ 5ರಂದು ಗುತ್ತಿಗೆದಾರರು ಕೊಳಕ್ಕೆ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಅದು ಕ್ಲೋರಿನ್ ಅನ್ನು ನಿಷ್ಕ್ರಿಯಗೊಳಿಸಿತು, ಪಾಚಿ ಬೆಳೆಯಲು ದಾರಿಯಾಯಿತು ಎಂದು ಸಂಘಟಕರು ಆಮೇಲೆ ವಿವರಿಸಿದರು. ದಕ್ಷಿಣ ಅಮೆರಿಕದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಮಹಿಳೆ, 1932ರ ಈಜುಗಾರ್ತಿ ಮರಿಯಾ ಲೆಂಕ್ ಅವರ ಹೆಸರಿನ, 2007ರ ಪ್ಯಾನ್ ಅಮೆರಿಕನ್ ಕೂಟಕ್ಕೆಂದು ಕಟ್ಟಿದ ಈ ಕೇಂದ್ರಕ್ಕೆ ಮೇಲ್ಛಾವಣಿ ಇರಲಿಲ್ಲ. ಬಯಲಿನ ಕೊಳದಲ್ಲಿ ಗಾಳಿಯೂ ಎದುರಾಳಿಯೇ. ಗಾಳಿಯಲ್ಲಿ ತಿರುಗುತ್ತಿರುವ ಡೈವರ್ ಪ್ರತಿ ಸುತ್ತಿನಲ್ಲೂ ನೀರನ್ನು ಒಮ್ಮೆ ಕಣ್ಣಿಗೆ ಹಿಡಿದು, ಮೈ ಬಿಚ್ಚುವ ಕ್ಷಣವನ್ನು ನಿರ್ಧರಿಸುತ್ತಾನೆ. ಆದರೆ ಅಂದು ಎಲ್ಲ ಎಂಟು ಜೋಡಿಗಳಿಗೂ ನೀರು ಒಂದೇ ಬಣ್ಣದ್ದಾಗಿತ್ತು, ಮಳೆಯೂ ಒಂದೇ. ಬ್ರೆಜಿಲ್‌ನ ಫಲಿತಾಂಶಕ್ಕೆ ಅದನ್ನು ಕಾರಣವಾಗಿ ಹೇಳುವಂತಿಲ್ಲ.

ಮಾತೋಸ್ ತಮ್ಮ ಲೈಂಗಿಕತೆಯ ಬಗ್ಗೆ ಮಾತಾಡಿದ ಸಂದರ್ಭವನ್ನೂ ಈ ಹಿನ್ನೆಲೆಯಲ್ಲಿಯೇ ಇಟ್ಟು ನೋಡಬೇಕು. 2013ರ ಡಿಸೆಂಬರ್ 2ರಂದು ಬ್ರಿಟನ್‌ನ ಟಾಮ್ ಡೇಲಿ ತಾನು ಒಬ್ಬ ಪುರುಷನನ್ನು ಪ್ರೀತಿಸುತ್ತಿರುವುದಾಗಿ ವಿಡಿಯೊ ಮೂಲಕ ತಿಳಿಸಿದ್ದರು. ಅದಾದ ಕೆಲವೇ ವಾರಗಳಲ್ಲಿ, 2014ರ ಜನವರಿಯಲ್ಲಿ, ಮಾತೋಸ್ ಸಂದರ್ಶನವೊಂದರಲ್ಲಿ ತಾನು ಸಲಿಂಗಿ ಎಂದು ಹೇಳಿಕೊಂಡರು. ಡೇಲಿಯ ನಡೆ ತಮಗೆ ಧೈರ್ಯ ಕೊಟ್ಟಿತೆಂದೂ ತಿಳಿಸಿದರು. ಎರಡು ಘೋಷಣೆಗಳೂ ಒಂದೇ ಸಾಲಿನಲ್ಲಿ ಉಲ್ಲೇಖವಾಗುತ್ತವೆ, ಆದರೆ ಅವುಗಳ ಬೆಲೆ ಒಂದೇ ಆಗಿರಲಿಲ್ಲ. ಡೇಲಿ 2012ರ ಲಂಡನ್‌ನಲ್ಲಿ ಕಂಚು ಗೆದ್ದ, ಮನೆಮನೆಗೆ ಪರಿಚಿತವಾದ ಮುಖ. ಮಾತೋಸ್‌ಗೆ ಒಲಿಂಪಿಕ್ ಸ್ಥಾನವೇ ಇನ್ನೂ ಖಾತ್ರಿಯಾಗಿರಲಿಲ್ಲ. ರಿಯೊ ಮುಗಿಯುವವರೆಗೆ ಸುಮ್ಮನಿರು, ಇಲ್ಲವಾದರೆ ಪ್ರಾಯೋಜಕರು ಕೈಬಿಡುತ್ತಾರೆ ಎಂದು ಇತರ ಡೈವರ್‌ಗಳು ಸಲಹೆ ಕೊಟ್ಟಿದ್ದರೆಂದು ಅವರೇ ಹೇಳಿದ್ದರು.

ಈ ಸಲಹೆಯನ್ನು ಬರೀ ಹೇಡಿತನವೆಂದು ತಳ್ಳಿಹಾಕುವುದು ಸರಿಯಲ್ಲ, ಅದರಲ್ಲಿ ಒಂದು ಲೆಕ್ಕಾಚಾರವಿತ್ತು. ಕಾನೂನಿನ ಮಟ್ಟದಲ್ಲಿ ಬ್ರೆಜಿಲ್ ಆಗ ಮುಂದಿತ್ತು: 2013ರ ಮೇ ತಿಂಗಳಲ್ಲಿ ರಾಷ್ಟ್ರೀಯ ನ್ಯಾಯ ಮಂಡಳಿಯ ಆದೇಶದಿಂದ ಸಲಿಂಗ ವಿವಾಹ ದೇಶದಾದ್ಯಂತ ಸಾಧ್ಯವಾಗಿತ್ತು. ಸಲಿಂಗಿಗಳ ಮೇಲಿನ ದ್ವೇಷವನ್ನು ಅಪರಾಧವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಘೋಷಿಸಲು ಮಾತ್ರ 2019ರ ಜೂನ್‌ವರೆಗೆ ಕಾಯಬೇಕಾಯಿತು. ಡೈವರ್‌ಗಳ ಭಯ ಕಾನೂನಿನದ್ದಲ್ಲ, ತಿಂಗಳ ಖರ್ಚಿನದು. ಬ್ರೆಜಿಲ್‌ನಲ್ಲಿ ಇಂಥ ಆಟಗಾರರ ಜೀವನ ನಿಂತಿರುವುದು ಮುಖ್ಯವಾಗಿ ಸಾರ್ವಜನಿಕ ಹಣದ ಮೇಲೆ: 2004ರ ಕಾನೂನಿನಿಂದ ಬಂದ 'ಬೋಲ್ಸಾ ಅಟ್ಲೆಟಾ' ಎಂಬ ಮಾಸಾಶನ, 2001ರ ಕಾನೂನಿನಂತೆ ಲಾಟರಿ ಆದಾಯದಿಂದ ಒಲಿಂಪಿಕ್ ಸಮಿತಿಗೆ ಹೋಗುವ ಪಾಲು, ಜಲಕ್ರೀಡಾ ಒಕ್ಕೂಟಕ್ಕೆ ಅಂಚೆ ಇಲಾಖೆ ನೀಡುತ್ತಿದ್ದ ಪ್ರಾಯೋಜಕತ್ವ. ಈ ಹಣದ ಹರಿವಿನ ನೆರೆ 2016ಕ್ಕೆ ಮುಂಚೆ. ಆಮೇಲೆ ಇಳಿಯುವುದು ಖಚಿತವೆಂದು ಎಲ್ಲರಿಗೂ ಗೊತ್ತಿತ್ತು. ಬದುಕಿನಲ್ಲಿ ಒಮ್ಮೆ ಸಿಗುವ ಆ ಮೂರು ವರ್ಷಗಳನ್ನು ಕಳೆದುಕೊಳ್ಳಬೇಡ ಎಂಬುದೇ ಸಲಹೆಯ ಒಳದನಿ. ಮೌನಕ್ಕೂ ಒಂದು ಅವಧಿ ನಿಗದಿಯಾಗಿತ್ತು ಎನ್ನಬೇಕು. ಮಾತೋಸ್ ಆ ಅವಧಿಯ ಮಧ್ಯದಲ್ಲೇ ಮಾತಾಡಿದರು, ಮತ್ತು ಎರಡೂವರೆ ವರ್ಷಗಳ ನಂತರ ರಿಯೊದಲ್ಲಿ ಸ್ಪರ್ಧಿಸಿದರು.

ಆದರೆ ಆ ನೆರೆಯ ಕಾಲದಲ್ಲೂ ಹಣ ಬೇಕಾದಲ್ಲಿಗೆ ತಲುಪಿತೇ ಎಂಬುದು ಅನುಮಾನ. ರಿಯೊದ ಡೈವರ್‌ಗಳು ಅಭ್ಯಾಸ ಮಾಡುತ್ತಿದ್ದ, ಮರಕಾನಾ ಕ್ರೀಡಾಂಗಣದ ಪಕ್ಕದ ಜೂಲಿಯೊ ಡೆಲಾಮಾರೆ ಜಲಕ್ರೀಡಾ ಸಂಕೀರ್ಣವನ್ನು 2014ರ ಫುಟ್‌ಬಾಲ್ ವಿಶ್ವಕಪ್‌ನ ಕಾಮಗಾರಿಗಾಗಿ ಕೆಡವಲು ಸರ್ಕಾರ ಮುಂದಾಗಿ, 2013ರಲ್ಲಿ ಅದನ್ನು ಮುಚ್ಚಿಯೂ ಬಿಟ್ಟಿತು. ಒಲಿಂಪಿಕ್ಸ್‌ಗೆ ಮೂರು ವರ್ಷ ಬಾಕಿ ಇರುವಾಗ ಒಲಿಂಪಿಕ್ ಆಟವೊಂದರ ಕೊಳವನ್ನು ಕಾರು ನಿಲ್ಲಿಸುವ ಜಾಗಕ್ಕೆ ಬಲಿ ಕೊಡುವ ಯೋಜನೆ ಹಾಕಿದವರ ಜಾಣತನವನ್ನು ಏನೆನ್ನಬೇಕೋ ತಿಳಿಯದು. ಆ ವರ್ಷದ ಬೀದಿ ಪ್ರತಿಭಟನೆಗಳ ಬಿಸಿಗೆ ರಾಜ್ಯಪಾಲ ಸೆರ್ಜಿಯೊ ಕಬ್ರಾಲ್ ತೀರ್ಮಾನವನ್ನು ಹಿಂತೆಗೆದುಕೊಂಡರು. ಇನ್ನು ಒಕ್ಕೂಟದ ಮಾತು: 1988ರಿಂದ ಅದರ ಅಧ್ಯಕ್ಷರಾಗಿದ್ದ ಕೊಆರಾಸಿ ನುನೆಸ್ ಅವರನ್ನು ಸಾರ್ವಜನಿಕ ಹಣದ ದುರ್ಬಳಕೆಯ ಆರೋಪದ ಮೇಲೆ 2017ರ ಏಪ್ರಿಲ್‌ನಲ್ಲಿ ಪೊಲೀಸರು ಬಂಧಿಸಿದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರು 'ಅಗ್ವಾಸ್ ಕ್ಲಾರಾಸ್', ಅಂದರೆ ತಿಳಿನೀರು. ಹಸಿರು ಕೊಳದ ಮರುವರ್ಷವೇ.

ಹಾಗಾದರೆ ಆತಿಥೇಯರ ಹಕ್ಕಿನಿಂದ ಬ್ರೆಜಿಲ್‌ನ ಡೈವಿಂಗ್‌ಗೆ ಏನೂ ಸಿಗಲಿಲ್ಲವೇ? ಇಲ್ಲಿ ಚಿತ್ರ ಸ್ವಲ್ಪ ಗೋಜಲು. ಬ್ರೆಸಿಲಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಡೈವಿಂಗ್‌ಗಾಗಿಯೇ ಒಂದು ತರಬೇತಿ ಕೇಂದ್ರ ತಲೆಯೆತ್ತಿತು. ಪಿಯಾವಿ ರಾಜ್ಯದಲ್ಲಿ ಹುಟ್ಟಿ, ಬ್ರೆಸಿಲಿಯಾದ ಪಕ್ಕದ ಗಾಮಾದಲ್ಲಿ ಬೆಳೆದ ಕವಾನ್ ಪೆರೇರಾ ಅದೇ ನಗರದಲ್ಲಿ ಪಳಗಿ, 2021ರ ಆಗಸ್ಟ್ 7ರಂದು ಟೋಕಿಯೊದ ಹತ್ತು ಮೀಟರ್ ಪ್ಲಾಟ್‌ಫಾರ್ಮ್ ಫೈನಲ್‌ನಲ್ಲಿ ಹತ್ತನೆಯವರಾದಾಗ ಅವರಿಗೆ ಕೇವಲ 19 ವರ್ಷ. ರಿಯೊದಲ್ಲಿ ಎಂಟನೆಯ ಜೋಡಿಯಲ್ಲಿದ್ದ ಇಂಗ್ರಿಡ್ ಒಲಿವೇರಾ 2022ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನ ಹತ್ತು ಮೀಟರ್ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು. 2015ರ ಟೊರೊಂಟೊ ಪ್ಯಾನ್ ಅಮೆರಿಕನ್ ಕೂಟದಲ್ಲಿ ಒಂದು ಜಿಗಿತದಲ್ಲಿ ಬೆನ್ನಡಿಯಾಗಿ ಬಿದ್ದು ಸೊನ್ನೆ ಪಡೆದು, ಅದಕ್ಕಿಂತ ಹೆಚ್ಚಾಗಿ ಈಜುಡುಗೆಯ ಒಂದು ಚಿತ್ರದ ಕಾರಣಕ್ಕೆ ಸಾಮಾಜಿಕ ಜಾಲತಾಣಗಳಲ್ಲಿ ಹೀನಾಯ ಮಾತುಗಳಿಗೆ ಗುರಿಯಾಗಿದ್ದವರೂ ಇದೇ ಒಲಿವೇರಾ. ಮಾತೋಸ್‌ಗೆ ಸಿಗದೇ ಹೋದ ಒಂದು ಸಂಗತಿ ಅವರಿಗೆ ಸಿಕ್ಕಿತು: ರಿಯೊ ನಂತರವೂ ಬೆಳೆಯಲು ವಯಸ್ಸು. ರಿಯೊದಲ್ಲಿ ಅವರಿಗೆ 20, ಮಾತೋಸ್‌ಗೆ 27. ಮೂವತ್ತರ ಆಸುಪಾಸಿನ ಮಂಡಿ ಮತ್ತು ಮಣಿಕಟ್ಟುಗಳಿಗೆ ಹೊಸದಾಗಿ ಇನ್ನೊಂದು ಸುತ್ತು ಕಲಿಸುವುದು ಕಷ್ಟ.

ಆದರೆ ಈ ಏಳಿಗೆ ವೈಯಕ್ತಿಕ ಸ್ಪರ್ಧೆಗಳಲ್ಲಿ ಮಾತ್ರ. ಟೋಕಿಯೊಗೆ ಬ್ರೆಜಿಲ್‌ನಿಂದ ನಾಲ್ವರು ಡೈವರ್‌ಗಳು ಹೋದರು: ಪೆರೇರಾ, ಇಸಾಕ್ ಸೋಜಾ, ಒಲಿವೇರಾ, ಲುವಾನಾ ಲಿರಾ. ಜೋಡಿ ಒಂದೂ ಇರಲಿಲ್ಲ, 2024ರ ಪ್ಯಾರಿಸ್‌ನಲ್ಲೂ ಇರಲಿಲ್ಲ. ಪೆರೇರಾ ಮತ್ತು ಸೋಜಾ 2019ರ ಲಿಮಾ ಪ್ಯಾನ್ ಅಮೆರಿಕನ್ ಕೂಟದ ಜೋಡಿ ಸ್ಪರ್ಧೆಯಲ್ಲಿ ಕಂಚು ಗೆದ್ದಿದ್ದವರೇ. ಆದರೂ ಒಲಿಂಪಿಕ್ಸ್‌ನ ಎಂಟು ಜೋಡಿಗಳ ಸಾಲಿಗೆ ಅದು ಸಾಲಲಿಲ್ಲ. ಇದಕ್ಕೆ ಕಾರಣ ಮೇಲೆ ಹೇಳಿದ ತೀರ್ಪಿನ ಲೆಕ್ಕದಲ್ಲೇ ಇದೆ. ಒಬ್ಬ ಪ್ರತಿಭಾವಂತ ಹುಡುಗನನ್ನು ಒಂದು ಒಳ್ಳೆಯ ಕೊಳ, ಒಬ್ಬ ಒಳ್ಳೆಯ ಗುರು ಸೇರಿ ಫೈನಲ್‌ವರೆಗೆ ತಲುಪಿಸಬಹುದು. ಜೋಡಿಗೆ ಬೇಕಾದದ್ದು ಹೆಚ್ಚುಕಡಿಮೆ ಒಂದೇ ಎತ್ತರದ, ಒಂದೇ ವೇಗದಲ್ಲಿ ತಿರುಗುವ, ಅಷ್ಟೇ ಕ್ಲಿಷ್ಟ ಜಿಗಿತಗಳನ್ನು ಬಲ್ಲ ಇಬ್ಬರು, ಅದೂ ಒಂದೇ ಊರಿನಲ್ಲಿ, ವರ್ಷಾನುಗಟ್ಟಲೆ. ರಿಯೊ ಮತ್ತು ಬ್ರೆಸಿಲಿಯಾಗಳ ನಡುವೆ ಹಂಚಿಹೋದ ಬೆರಳೆಣಿಕೆಯ ಡೈವರ್‌ಗಳಲ್ಲಿ ಅಂಥ ಇಬ್ಬರನ್ನು ಆಯ್ದುಕೊಳ್ಳಲು ಅವಕಾಶವೇ ಕಡಿಮೆ. 2028ರ ಲಾಸ್ ಏಂಜಲೀಸ್‌ನಲ್ಲಿ ಆತಿಥೇಯರ ಸ್ಥಾನ ಅಮೆರಿಕದ್ದು. ಮೂರು ಮೀಟರ್ ಹಲಗೆಯ ಮೇಲೆ ಮಾತೋಸ್ ಮತ್ತು ಔಟೆರೆಲೊ ನಿಂತ ಜಾಗದಲ್ಲಿ ಮತ್ತೊಂದು ಬ್ರೆಜಿಲ್ ಜೋಡಿ ನಿಲ್ಲಬೇಕಾದರೆ ಅದು ಸೋಸಿ ಬರುವ ಆ ಏಳರಲ್ಲಿ ಒಂದಾಗಿಯೇ ಬರಬೇಕು.